ಮೆಟ್ರಾಯ್ಡ್ ಪ್ರೈಮ್ 3 ಮತ್ತು ಅದರ್ ಎಂ: ಆಯ್ಕೆ ಯಾವುದಿರಬೇಕು?

ನಿಂಟೆಂಡೊ ವೀ ಎಂಬ ವಿಡಿಯೊ ಗೇಮ್ ಕನ್ಸೋಲ್‌ಗೆ 2007ರಲ್ಲಿ ಬಂದ ‘ಮೆಟ್ರಾಯ್ಡ್ ಪ್ರೈಮ್ 3: ಕರಪ್ಷನ್’ ಮತ್ತು 2010ರ ‘ಮೆಟ್ರಾಯ್ಡ್: ಅದರ್ ಎಂ’ ಎರಡಕ್ಕೂ ಸಾಮಸ್ ಆರನ್ ನಾಯಕಿಯಾದರೂ, ಕೈಚಲನೆಯನ್ನು ಅವು ಬಳಸಿಕೊಳ್ಳುವ ಬಗೆ ತೀರ ಭಿನ್ನವಾಗಿದೆ.

ರೆಟ್ರೊ ಸ್ಟುಡಿಯೋಸ್ ರೂಪಿಸಿದ ಪ್ರೈಮ್ 3ರಲ್ಲಿ ಒಂದು ಕೈಯ ರಿಮೋಟನ್ನು ಪರದೆಯತ್ತ ಹಿಡಿದು ಗುರಿಯಿಡುತ್ತ, ಇನ್ನೊಂದು ಕೈಯ ನನ್‌ಚಕ್‌ನಿಂದ (ರಿಮೋಟಿಗೆ ಜೋಡಿಸುವ ಎರಡನೇ ನಿಯಂತ್ರಕ) ಸಾಮಸ್‌ಳನ್ನು ನಡೆಸಬೇಕು. ನನ್‌ಚಕ್ಕನ್ನು ಮುಂದಕ್ಕೆ ಬೀಸಿದರೆ ಗ್ರ್ಯಾಪಲ್ ಎಂಬ ಹಿಡಿದೆಳೆಯುವ ಕಿರಣ ಶತ್ರುವಿನ ಗುರಾಣಿಯನ್ನು ಹಿಡಿಯುತ್ತದೆ. ಹಿಂದಕ್ಕೆ ಎಳೆದರೆ ಗುರಾಣಿ ಕಿತ್ತುಬರುತ್ತದೆ. ಚಲನೆಯ ಸೂಕ್ಷ್ಮತೆಗೆ ಮೂರು ಹಂತಗಳಿದ್ದು, ಬೇಗ ತಿರುಗಲು ಬಯಸುವವರು ಆರಂಭದಲ್ಲೇ ಅತ್ಯುನ್ನತ ಹಂತವನ್ನು ಆರಿಸಿಕೊಳ್ಳುವುದು ಲೇಸು.

ಅದರ್ ಎಂ ಆಟದಲ್ಲಿ ನನ್‌ಚಕ್ ಬೇಕಿಲ್ಲ. ಅಡ್ಡಲಾಗಿ ಹಿಡಿದ ರಿಮೋಟನ್ನು ಪರದೆಯತ್ತ ತಿರುಗಿಸಿದ ಕೂಡಲೇ ನೋಟವು ಸಾಮಸ್‌ಳ ಕಣ್ಣಿಗೆ ಬದಲಾಗುತ್ತದೆ, ಕ್ಷಿಪಣಿ ಹಾರಿಸಲೂ ಇದೇ ನೋಟ ಬೇಕು, ಆದರೆ ಆಗ ಹೆಜ್ಜೆಯಿಡಲಾಗದು. ಕಾಳಗದ ನಡುವೆ ಈ ಹಿಡಿತ ಬದಲಾವಣೆ ತೊಡಕೇ ಸರಿ. ದೀರ್ಘ ಕಥಾದೃಶ್ಯಗಳು ಮತ್ತು ಚುರುಕಾದ ಹೊಡೆದಾಟ ಇಷ್ಟವಿದ್ದವರಿಗೆ ಈ ಆಟ ಹಿಡಿಸೀತು.

ಕೈಚಲನೆಗಾಗಿಯೇ ಆಟ ಹುಡುಕುವವರಿಗೆ ಪ್ರೈಮ್ 3 ನಿಸ್ಸಂದೇಹವಾಗಿ ಮೇಲು. ಸಾಧ್ಯವಾದರೆ, ಪ್ರೈಮ್ ಸರಣಿಯ ಮೊದಲ ಮೂರು ಆಟಗಳನ್ನು ಇದೇ ನಿಯಂತ್ರಣದೊಂದಿಗೆ ಒಳಗೊಂಡ 2009ರ ‘ಟ್ರಿಲಜಿ’ ಡಿಸ್ಕನ್ನು ಅರಸುವುದು ಒಳ್ಳೆಯದು.