ಕ್ಷಯೇತರ ಮೈಕೋಬ್ಯಾಕ್ಟೀರಿಯಾ ಕಲ್ಚರ್: ನನ್ನ ಮತ ಆರ್‌ಜಿಎಂ ಅಗರ್‌ಗೆ

ಕ್ಷಯರೋಗಾಣುವಿನ ಬಳಗಕ್ಕೇ ಸೇರಿದರೂ ಕ್ಷಯ ತರದ ಮೈಕೋಬ್ಯಾಕ್ಟೀರಿಯಾಗಳನ್ನು ಹುಡುಕಲು ಕಫವನ್ನು ಕಲ್ಚರ್ ಮಾಡುತ್ತೇವೆ, ಎಂದರೆ ಪೋಷಕ ಮಾಧ್ಯಮದಲ್ಲಿ ಬೆಳೆಸಿ ನೋಡುತ್ತೇವೆ. ಶ್ವಾಸಕೋಶವನ್ನು ದೀರ್ಘಕಾಲ ಕಾಡುವ ಬ್ರಾಂಕಿಯೆಕ್ಟಾಸಿಸ್, ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಕಫವೇ ನಿಮ್ಮ ಪ್ರಯೋಗಾಲಯಕ್ಕೆ ಹೆಚ್ಚಾಗಿ ಬರುತ್ತಿದ್ದರೆ ಹಿಂದೆಮುಂದೆ ನೋಡದೆ ಆರ್‌ಜಿಎಂ ಅಗರ್ (ಬೇಗ ಬೆಳೆಯುವ ಮೈಕೋಬ್ಯಾಕ್ಟೀರಿಯಾಗಳಿಗೆಂದು ರೂಪಿಸಿದ ಗಟ್ಟಿ ಮಾಧ್ಯಮ) ಪ್ಲೇಟ್ ತರಿಸಿ. ಮೊಟ್ಟೆಯ ಮಾಧ್ಯಮ, ದ್ರವ ಮಾಧ್ಯಮ, ಈ ಅಗರ್ ಎಂಬ ಮೂರು ಬಗೆಯ ಕಲ್ಚರನ್ನೂ ಒಂದೇ ಮಾದರಿಗಳ ಮೇಲೆ ಹಾಕಿ ನೋಡಿದ ಮೇಲೆ ನಾನು ಅದಕ್ಕೇ ಅಂಟಿಕೊಂಡಿದ್ದೇನೆ.

ಮೊಟ್ಟೆಯ ಎಲ್‌ಜೆ (ಲೋವೆನ್‌ಸ್ಟೈನ್-ಜೆನ್ಸನ್) ಮಾಧ್ಯಮ ಅಗ್ಗ, ಆದರೆ ಎಂಟು ವಾರದವರೆಗೆ ಕಾಯಿಸುತ್ತದೆ. ಜೊತೆಗಿರಲಿ, ಅದೊಂದನ್ನೇ ನಂಬಿ ಕೂರುವುದು ಬೇಡ.

ಟ್ಯೂಬಿನೊಳಗಿನ ಬೆಳವಣಿಗೆಯನ್ನು ಯಂತ್ರವೇ ಗಮನಿಸುವ ಎಂಜಿಐಟಿಯಂಥ ದ್ರವ ಮಾಧ್ಯಮದ ವೇಗವನ್ನು ನಾನು ಅಲ್ಲಗಳೆಯುವುದಿಲ್ಲ. ತಲೆನೋವೆಲ್ಲ ಈ ರೋಗಿಗಳ ಕಫದಲ್ಲಿ ಸಾಮಾನ್ಯವಾಗಿರುವ, ಬೇಗ ಬೆಳೆಯುವ ಸ್ಯೂಡೋಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾದ್ದು. ಟ್ಯೂಬಿನ ತಳದ ಸೆನ್ಸರ್ ಆಮ್ಲಜನಕ ಖಾಲಿಯಾದುದನ್ನಷ್ಟೇ ಗುರುತಿಸುತ್ತದೆ. ಖಾಲಿ ಮಾಡಿದವರು ಯಾರೆಂಬುದು ಅದಕ್ಕೆ ತಿಳಿಯದು. ಯಂತ್ರ ಪಾಸಿಟಿವ್ ಎಂದು ಕೂಗುತ್ತದೆ. ತೆಗೆದು ನೋಡಿದರೆ ತಳದಲ್ಲಿ ಪುಡಿಪುಡಿಯಾಗಿ ಕೂತಿರಬೇಕಾದ ಬೆಳವಣಿಗೆಯ ಬದಲು ಇಡೀ ಟ್ಯೂಬ್ ಕದಡಿರುತ್ತದೆ. ಮೈಕೋಬ್ಯಾಕ್ಟೀರಿಯಾವನ್ನು ಕೆಂಪಾಗಿ, ಉಳಿದವನ್ನು ನೀಲಿಯಾಗಿ ತೋರಿಸುವ ಜೀಲ್-ನೀಲ್ಸನ್ ಬಣ್ಣದ ಸ್ಮಿಯರ್‌ನಲ್ಲಿ ಕೆಂಪು ಕಡ್ಡಿ ಒಂದೂ ಇಲ್ಲ, ಎಲ್ಲೆಲ್ಲೂ ನೀಲಿ.

ಇದನ್ನು ತಡೆಯಲೆಂದೇ ಮೊದಲು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕಫವನ್ನು ಶುದ್ಧಗೊಳಿಸುತ್ತೇವೆ, ಟ್ಯೂಬಿಗೆ ಪ್ಯಾಂಟಾ ಆ್ಯಂಟಿಬಯಾಟಿಕ್ ಮಿಶ್ರಣವನ್ನೂ ಸೇರಿಸುತ್ತೇವೆ. ಹಠಮಾರಿ ಸ್ಯೂಡೋಮೊನಾಸ್ ಎರಡನ್ನೂ ದಾಟಿಬರುತ್ತದೆ. ಕ್ಷಾರ ಹೆಚ್ಚಿಸಿದರೆ, ಇಲ್ಲವೇ ಶೇ 5ರ ಆಕ್ಸಾಲಿಕ್ ಆಮ್ಲಕ್ಕೆ ಕೈ ಹಾಕಿದರೆ, ನಾವು ಹುಡುಕುತ್ತಿರುವ ಮೈಕೋಬ್ಯಾಕ್ಟೀರಿಯಾಗಳೇ ಸಾಯತೊಡಗುತ್ತವೆ. ಅತ್ತ ದರಿ, ಇತ್ತ ಪುಲಿ. ಈ ಮೈಕೋಬ್ಯಾಕ್ಟೀರಿಯಾಗಳಿಂದಲೇ ಬಂದ ಶ್ವಾಸಕೋಶದ ಕಾಯಿಲೆ ಎನ್ನಲು ಸಾಮಾನ್ಯವಾಗಿ ಎರಡು ಪ್ರತ್ಯೇಕ ಕಫದ ಮಾದರಿಗಳಾದರೂ ಪಾಸಿಟಿವ್ ಬರಬೇಕು. ಒಂದು ಟ್ಯೂಬ್ ಕೆಟ್ಟರೆ ರೋಗಿ ಮತ್ತೆ ಕಫ ಕೊಡಬೇಕು, ವೈದ್ಯರು ಮತ್ತೆ ವಾರಗಟ್ಟಲೆ ಕಾಯಬೇಕು. ಫೋನಿನಲ್ಲಿ ಬೈಗುಳ ತಿನ್ನುವವರು ಮಾತ್ರ ನಾವು!

ಆರ್‌ಜಿಎಂ ಅಗರ್‌ಗೆ ಈ ಕ್ಷಾರಸ್ನಾನವೇ ಬೇಡ. ಕೊಲಿಸ್ಟಿನ್, ಫಾಸ್ಫೊಮೈಸಿನ್, ಆ್ಯಂಫೊಟೆರಿಸಿನ್ ಮುಂತಾದ, ಬೇರೆ ಸೂಕ್ಷ್ಮಾಣುಗಳನ್ನು ತಡೆಯುವ ಔಷಧಗಳು ಅಗರ್‌ನಲ್ಲೇ ಬೆರೆತಿರುತ್ತವೆ. ಕಫವನ್ನು ದ್ರವವಾಗಿಸಿ, ಹಚ್ಚಿ, 30 ಡಿಗ್ರಿಯಲ್ಲಿ 28 ದಿನಗಳವರೆಗೆ ಇಟ್ಟರಾಯಿತು. ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಎಂಬ ಬೇಗ ಬೆಳೆಯುವ ಪ್ರಭೇದ ಹಲವು ಬಾರಿ ಮೊದಲ ವಾರದಲ್ಲೇ ಮುಖ ತೋರಿಸುತ್ತದೆ. ಒಂದೇ ಪ್ಲೇಟಿನಲ್ಲಿ ಒರಟು, ಒಣ ಅಂಚಿನ ಕಾಲೊನಿಯ ಪಕ್ಕದಲ್ಲೇ ನುಣುಪಾದದ್ದೊಂದು ಎದ್ದಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಎತ್ತಿಕೊಳ್ಳಬಹುದು. ದ್ರವದಲ್ಲಿ ಈ ಬೆರಕೆ ಕಣ್ಣಿಗೇ ಬೀಳುವುದಿಲ್ಲ.

ಇದರಲ್ಲೂ ಕೊರತೆಗಳಿವೆ. ಟೇಪು ಸುತ್ತದಿದ್ದರೆ ಪ್ಲೇಟ್ ಒಣಗುತ್ತದೆ. ವಾರವಾರವೂ ಒಬ್ಬರು ಕೂತು ನೋಡಲೇಬೇಕು. 42ರಿಂದ 45 ಡಿಗ್ರಿ ಬಯಸುವ ಮೈಕೋಬ್ಯಾಕ್ಟೀರಿಯಂ ಝೆನೋಪಿ ಪ್ರಭೇದ ಇಲ್ಲಿ ಕೈಕೊಡುತ್ತದೆ. ಕ್ಷಯದ ಅನುಮಾನವಿದ್ದರಂತೂ 37 ಡಿಗ್ರಿಯ ದ್ರವ ಮಾಧ್ಯಮ ಕಡ್ಡಾಯ, ಅಲ್ಲಿ ಚರ್ಚೆಯೇ ಇಲ್ಲ. ಕ್ಷಾರ ಕಾಣದ ಕಫವನ್ನು ಸುರಕ್ಷತಾ ಕ್ಯಾಬಿನೆಟ್ಟಿನ ಹೊರಗೆ ತೆರೆಯಲೂಬೇಡಿ.

ಕಾಲೊನಿಯನ್ನು ಕಣ್ಣಾರೆ ನೋಡಿದ ಹೊರತು ನನಗೆ ಸಮಾಧಾನವಿಲ್ಲ. ಹೊಸ ಯಂತ್ರಕ್ಕೆ ನಮ್ಮಲ್ಲಿ ಹಣವೂ ಇಲ್ಲ. ಹಾಗಾಗಿ ಸ್ಯೂಡೋಮೊನಾಸ್ ಇತಿಹಾಸವಿರುವ ಎಲ್ಲ ಕಫಕ್ಕೂ ಮೊದಲು ಈ ಪ್ಲೇಟ್. ಕ್ಷಯದ ಪ್ರಶ್ನೆಯಿದ್ದರೆ, ಝೆನೋಪಿಯ ಗುಮಾನಿಯಿದ್ದರೆ ಜೊತೆಗೆ ದ್ರವದ ಟ್ಯೂಬ್. ಪ್ಲೇಟುಗಳ ಅವಧಿ ಬೇಗ ಮುಗಿಯುವುದರಿಂದ ಸ್ವಲ್ಪ ಸ್ವಲ್ಪವೇ ತರಿಸಿಕೊಳ್ಳುತ್ತೇವೆ.