ಮ್ಯಾಟೋ ಮಷೀನೋ? ಪಿಲಾಟೀಸ್ ಎರಡೂ ಥರ ಮಾಡಿ ನೋಡಿದ ಮೇಲೆ

ದಿನವಿಡೀ ಲ್ಯಾಪ್‌ಟಾಪ್ ಮುಂದೆ, ಉಳಿದ ಹೊತ್ತು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂರುವವರಿಗೆ ಸೊಂಟ ನೋವು ಹೊಸದೇನಲ್ಲ. ನನ್ನದೂ ಅದೇ ಕಥೆ. ಅದಕ್ಕೇ ಪಿಲಾಟೀಸ್‌ಗೆ, ಅಂದರೆ ಹೊಟ್ಟೆ, ಬೆನ್ನಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮಕ್ಕೆ ಸೇರಿದೆ. ನೆಲದ ಮೇಲೆ ಮ್ಯಾಟ್ ಹಾಸಿಕೊಂಡು ಮಾಡುವ ಕ್ಲಾಸು ಜಯನಗರದಲ್ಲಿ, ಮನೆ ಹತ್ತಿರವೇ ಸಿಕ್ಕಿತು. ರಿಫಾರ್ಮರ್ ಅನ್ನುವ ಮಷೀನ್ ಮೇಲೆ ಮಾಡೋದಕ್ಕೆ ಇಂದಿರಾನಗರಕ್ಕೆ ಹೋಗುತ್ತಿದ್ದೆ.

ರಿಫಾರ್ಮರ್ ನೋಡಲು ಸಿಂಗಲ್ ಮಂಚದ ಥರ. ಮೇಲಿನ ಹಲಗೆ ಹಿಂದೆ ಮುಂದೆ ಜಾರುತ್ತದೆ, ಕೆಳಗೆ ಸ್ಪ್ರಿಂಗ್‌ಗಳಿರುತ್ತವೆ. ಕಾಲಿಡಲು ಒಂದು ಬಾರ್, ಕೈಗೆ ಪಟ್ಟಿಗಳು. ಪಿಲಾಟೀಸ್ ರೂಪಿಸಿದ ಜರ್ಮನಿಯ ಜೋಸೆಫ್ ಪಿಲಾಟೀಸ್ (1883–1967) ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಂಧನ ಶಿಬಿರದಲ್ಲಿದ್ದಾಗ ರೋಗಿಗಳ ಮಂಚಕ್ಕೆ ಸ್ಪ್ರಿಂಗ್ ಕಟ್ಟಿದರು, ಈ ಮಷೀನು ಅಲ್ಲಿಂದಲೇ ಬಂತು ಅನ್ನುವ ಕಥೆಯೂ ಇದೆ.

ಮಷೀನ್ ಅಂದರೆ ಕಷ್ಟ, ಮ್ಯಾಟ್ ಅಂದರೆ ಸುಲಭ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನನಗೆ ಕಂಡದ್ದು ಹೆಚ್ಚುಕಡಿಮೆ ಉಲ್ಟಾ. ಮಲಗಿ ಕೈ ಚಾಚಿ, ಬೆನ್ನುಮೂಳೆಯನ್ನು ಒಂದೊಂದೇ ಗಂಟಾಗಿ ನೆಲದಿಂದ ಬಿಡಿಸುತ್ತಾ ಏಳುವ ರೋಲ್ ಅಪ್ ಮಾಡಿ ನೋಡಿ. ಹೊಟ್ಟೆ ಕೈಕೊಟ್ಟರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತೀರಿ, ಇಲ್ಲವೇ ಝಾಡಿಸಿ ಏಳುತ್ತೀರಿ. ಮಷೀನಿನಲ್ಲಿ ಎಷ್ಟೋ ಕಡೆ ಸ್ಪ್ರಿಂಗೇ ಸಹಾಯಕ್ಕೆ ಬರುತ್ತದೆ. ಹಾಗಂತ ಪೂರ್ತಿ ಆರಾಮ ಅಲ್ಲ. ಸ್ಪ್ರಿಂಗ್ ಕಮ್ಮಿ ಮಾಡಿ, ಕೈಕಾಲೂರಿ ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಮಾಡಿಸಿದರೆ, ಜಾರುವ ಹಲಗೆಯನ್ನು ಹೊಟ್ಟೆ ಬಲದಿಂದಲೇ ತಡೆಯಬೇಕು. ಆಗ ನಡುಕ ಶುರು!

ಮ್ಯಾಟ್‌ನಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಹಂಡ್ರೆಡ್. ಅಂಗಾತ ಮಲಗಿ ತಲೆ, ಭುಜ, ಕಾಲು ಎತ್ತಿ ಕೈಗಳನ್ನು ಮೇಲೆ ಕೆಳಗೆ ಆಡಿಸಬೇಕು. ಐದು ಎಣಿಕೆ ಉಸಿರು ಒಳಗೆ, ಐದು ಹೊರಗೆ. ಹತ್ತು ಸುತ್ತಿಗೆ ನೂರು. ನೌಕಾಸನ ಮಾಡಿದವರಿಗೆ ಭಂಗಿ ಗುರುತು ಸಿಗುತ್ತದೆ, ಆದರೆ ಇಲ್ಲಿ ಸುಮ್ನೆ ಹಿಡಿದು ನಿಲ್ಲುವುದಿಲ್ಲ. ಉಸಿರೂ ಬೇರೆ: ಮೂಗಿನಿಂದ ಎಳೆದಾಗ ಪಕ್ಕೆಲುಬು ಅಗಲವಾಗಬೇಕು, ಬಾಯಿಂದ ಬಿಡುವಾಗ ಹೊಕ್ಕುಳು ಒಳಗೆ ಹೋಗಬೇಕು. ಕತ್ತು ನೋಯುತ್ತಿದ್ದರೆ ತಲೆ ಕೆಳಗಿಟ್ಟು ಮಾಡಬಹುದು, ಕಷ್ಟವಾದರೆ ಮಂಡಿ ಮಡಚಿದರೂ ನಡೆಯುತ್ತದೆ.

ದುಡ್ಡಿನ ವಿಷಯದಲ್ಲಿ ಪೈಪೋಟಿಯೇ ಇಲ್ಲ. ರಿಫಾರ್ಮರ್‌ನ ಒಂದು ಕ್ಲಾಸಿಗೇ ಸಾವಿರಕ್ಕಿಂತ ಜಾಸ್ತಿ ಕೊಟ್ಟಿದ್ದೇನೆ. ಜೊತೆಗೆ, ಸೊಂಟ ಸರಿ ಮಾಡಿಕೊಳ್ಳೋದಕ್ಕೆ ಸೊಂಟ ಹಿಡಿಯುವಷ್ಟು ಹೊತ್ತು ಕ್ಯಾಬ್‌ನಲ್ಲಿ ಕೂರಬೇಕು!

ನೋವು ಎರಡರಲ್ಲೂ ಕಮ್ಮಿಯಾಯಿತು. ಹೊಟ್ಟೆಯ ಒಳಪದರದ ಸ್ನಾಯು, ಬೆನ್ನುಮೂಳೆ ಪಕ್ಕದ ಸಣ್ಣ ಸ್ನಾಯುಗಳು ಎರಡರಲ್ಲೂ ಕೆಲಸ ಮಾಡುತ್ತವೆ. ಆದರೆ ಇದು ಪವಾಡ ಅಲ್ಲ. ಹಳೆಯ ಸೊಂಟ ನೋವಿನ ಬಗ್ಗೆ 2015ರಲ್ಲಿ ಬಂದ, ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ, ಏನೂ ಮಾಡದೆ ಇರೋದಕ್ಕಿಂತ ಪಿಲಾಟೀಸ್ ಒಳ್ಳೆಯದು, ಬೇರೆ ವ್ಯಾಯಾಮಕ್ಕಿಂತ ಮೇಲು ಅನ್ನಲು ಗಟ್ಟಿ ಆಧಾರ ಇಲ್ಲ ಎಂದಿತ್ತು. ತೂಕ ಇಳಿಯುತ್ತೆ ಅನ್ನುವ ಜಾಹೀರಾತನ್ನಂತೂ ನಾನು ನಂಬಲ್ಲ. ಒಟ್ಟಾರೆ ಆರೋಗ್ಯಕ್ಕೇ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥದ್ದು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಲಾಲ್‌ಬಾಗ್ ಇದೆಯಲ್ಲ.

ನಾನು ಮ್ಯಾಟನ್ನೇ ಉಳಿಸಿಕೊಂಡೆ. ನೆಲಕ್ಕೆ ಕೂತು ಏಳೋದೇ ಕಷ್ಟ, ಮಂಡಿ ಮೇಲೆ ಭಾರ ಹಾಕುವ ಹಾಗಿಲ್ಲ ಅನ್ನುವವರಿಗೆ ರಿಫಾರ್ಮರ್ ದುಡ್ಡಿಗೆ ತಕ್ಕದ್ದು. ಮಲಗಿಕೊಂಡೇ ಬಾರ್ ಒದ್ದು ಕಾಲಿಗೆ ಕೆಲಸ ಕೊಡಬಹುದು. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇದ್ದರೆ ಬೆನ್ನು ಬಾಗಿಸುವ ರೋಲ್ ಅಪ್ ಥರದ್ದು ಬೇಡ. ಗರ್ಭಿಣಿಯರು, ಕಾಲಿಗೆ ಜೋಮು ಹಿಡಿಯುವವರು ಮೊದಲು ಡಾಕ್ಟರನ್ನು ಕೇಳಿ. ಕ್ಲಾಸಿಗೆ ಸೇರುವ ಮುಂಚೆ ಬ್ಯಾಚಿನಲ್ಲಿ ಎಷ್ಟು ಜನ ಅಂತಲೂ ವಿಚಾರಿಸಿ. ಇಪ್ಪತ್ತು ಅಂದರೆ ನಾನಂತೂ ಸೇರಲ್ಲ. ಅಷ್ಟು ಜನರ ನಡುವೆ ನಿಮ್ಮ ಸೊಂಟ ನೆಲ ಬಿಟ್ಟಿದ್ದು ಟೀಚರ್ ಕಣ್ಣಿಗೆ ಬೀಳಲ್ಲ.