ವರ್ಡ್‌ನೆಟ್: 'ಫೇರ್' ಪದದ ಒರೆಗಲ್ಲಿನಲ್ಲಿ

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವರ್ಡ್‌ನೆಟ್ ಇಂಗ್ಲಿಷ್ ಪದಗಳ ಉಚಿತ ಭಂಡಾರ. ಇದರ 3.0 ಆವೃತ್ತಿಯಲ್ಲಿ 1,17,000ಕ್ಕೂ ಹೆಚ್ಚು ಅರ್ಥಗುಂಪುಗಳಿವೆ. ಇದು ಪದಗಳನ್ನು ಅಕಾರಾದಿಯಾಗಿ ರಾಶಿ ಹಾಕದೆ ಅರ್ಥದ ಪ್ರಕಾರ ಕಟ್ಟು ಕಟ್ಟುತ್ತದೆ. ನನಗೆ ಬಹಳ ಹಿಡಿಸಿದ್ದೇ ಇದು.

'ಫೇರ್' (fair) ಎಂದು ಹುಡುಕಿ ನೋಡಿ. ನ್ಯಾಯದ ಅರ್ಥಕ್ಕೆ 'ಜಸ್ಟ್', ಸಾಧಾರಣಕ್ಕೆ 'ಆವರೇಜ್', 'ಮಿಡ್ಲಿಂಗ್', ಚೆಲುವಿಗೆ 'ಕಮ್ಲಿ', ಚಿತ್ತುಕಾಟಿಲ್ಲದ ಪ್ರತಿಗೆ 'ಕ್ಲೀನ್', ಜಾತ್ರೆಗೆ 'ಕಾರ್ನಿವಲ್' ಸಿಗುತ್ತವೆ.

ಬದಲಿ ಪದ ಬೇಕಾದಾಗ ಮೊದಲು ನಾಮಪದವೋ ಗುಣವಾಚಕವೋ ಗುರುತಿಸಿ, ವಿವರಣೆ ಮತ್ತು ಉದಾಹರಣೆ ಓದಿ, ಆಮೇಲೆ ಆರಿಸಿದ ಪದವನ್ನು ನಿಮ್ಮ ವಾಕ್ಯದಲ್ಲಿಟ್ಟು ಓದಿ. 'ಫೇರ್ ಜಡ್ಜ್' ಎಂಬುದು 'ಜಸ್ಟ್ ಜಡ್ಜ್' ಆದೀತು. ತಿಳಿಯಾದ ಹವೆ ಎನ್ನುವ 'ಫೇರ್ ವೆದರ್' ಮಾತ್ರ 'ಜಸ್ಟ್ ವೆದರ್' ಆಗದು. ಮೊದಲು ಕಂಡದ್ದನ್ನು ಎತ್ತಿಕೊಂಡರೆ ಎಡವುವುದು ಇಲ್ಲೇ.

ಕೊರತೆಯೂ ಇದೆ. ಸಾಧಾರಣದ ಗುಂಪಿನಲ್ಲೇ 'ಮೀಡಿಯೋಕರ್' ಕೂತಿದೆ. ವಿದ್ಯಾರ್ಥಿಯ ಕೆಲಸವನ್ನು 'ಫೇರ್' ಎಂದರೆ ಪರವಾಗಿಲ್ಲ ಎಂದಂತೆ, 'ಮೀಡಿಯೋಕರ್' ಎಂದರೆ ಹೀಗಳೆದಂತೆ. ಈ ವ್ಯತ್ಯಾಸ ವರ್ಡ್‌ನೆಟ್‌ನಲ್ಲಿ ಕಾಣದು. 'ಕಮ್ಲಿ' ಇಂದು ಹಳೆಯ ಮಾತಾಗಿ ಕೇಳಿಸುತ್ತದೆ ಎಂಬುದೂ ಅಷ್ಟೇ. ಉಚ್ಚಾರಣೆಯೂ ಇಲ್ಲ. ಹೊಸದಾಗಿ ಕಲಿಯುವವರು ಪಕ್ಕದಲ್ಲಿ ಒಂದು ಕಲಿಕಾ ನಿಘಂಟು ಇಟ್ಟುಕೊಳ್ಳಲೇಬೇಕು.